ಭರಮಣ್ಣನ ತೂಕದ ಬೆಳ್ಳಿ

“ನನ್ನ ತೂಕದಷ್ಟು ಬೆಳ್ಳಿ ಸಂಬಳ ಕೊಟ್ಟರೆ ಸರಿ. ಇಲ್ಲದಿದ್ದರೆ ಈ ವರ್ಷ ನಾನು ನಿಮ್ಮ ವೀಳ್ಯ ಮುಟ್ಟುವವನಲ್ಲ!” ತುಂಬಿದ ಸಭೆಯಲ್ಲಿ ಭರಮಣ್ಣ ಮೀಸೆ ತಿರುವಿದ.

ಹೊನ್ನುಗುಡ್ಡದ ಅರಮನೆಯ ಕಬಡ್ಡಿ ಆಟಗಾರರಲ್ಲಿ ಅವನದೇ ದೊಡ್ಡ ಹೆಸರು. ಯುಗಾದಿಗೆ ಅರಸರ ವೀಳ್ಯ ಹಿಡಿದ ಆಟಗಾರ ಒಂದು ವರ್ಷ ಅರಮನೆಯವನು. ಹಿಡಿಯುವ ತನಕ ಯಾರು ಕರೆದರೂ ಹೋಗಬಹುದು.

ಅರಸ ಬಸವಂತ ನಾಯಕರು ಕೈಯೆತ್ತಿ ಅವನನ್ನು ಸಮಾಧಾನಪಡಿಸಿದರು. “ಆಗಲಪ್ಪಾ, ಆಗಲಿ! ಬೊಕ್ಕಸ ಸಾಲದಿದ್ದರೆ ಆ ದುಗ್ಗನನ್ನು ಬಿಟ್ಟುಬಿಡೋಣ. ಅವನಿಂದ ಏನಾಗಬೇಕಿದೆ?”

ದುಗ್ಗ ಕಂಬದ ಪಕ್ಕದಲ್ಲೇ ನಿಂತಿದ್ದ. ಎದುರಾಳಿಯ ಕಾಲು ಹಿಡಿದು ಮಣ್ಣಲ್ಲಿ ಹೊರಳುವುದು ಅವನ ಕೆಲಸ. ಚಪ್ಪಾಳೆಯೆಲ್ಲ ಭರಮಣ್ಣನಿಗೆ, ಮಣ್ಣೆಲ್ಲ ಇವನಿಗೆ. ಹೋದ ತಿಂಗಳಷ್ಟೇ ಮನೆಯಲ್ಲಿ ತೊಟ್ಟಿಲು ಕಟ್ಟಿದ್ದ, ಪಾಪ! ಅವನ ಮುಖ ಹುಳ್ಳಗಾಯಿತು.

ಅದನ್ನು ಕಂಡು ಆಸ್ಥಾನದ ಜಾಣ ಸಂಕಣ್ಣ ಎದ್ದು ಕೈಮುಗಿದ.

“ಪ್ರಭೂ, ಎತ್ತಿನ ಬೆಲೆಯನ್ನು ಎತ್ತಿಗೇ ಕೇಳುತ್ತಾರೆಯೇ? ಸಂತೆಗೆ ಬಂದವರನ್ನು ಕೇಳಬೇಕು. ನಾಳೆಯವರೆಗೆ ಇಬ್ಬರಿಗೂ ವೀಳ್ಯ ಕೊಡಬೇಡಿ.”

“ಯಾರಾದರೂ ಭರಮಣ್ಣನನ್ನು ಹಾರಿಸಿಕೊಂಡು ಹೋದರೆ?”

“ನನ್ನ ಜಹಗೀರು ಕಿತ್ತುಕೊಳ್ಳಿ.”

ಅಲ್ಲಿಂದ ಸಂಕಣ್ಣ ನೆಟ್ಟಗೆ ಅತಿಥಿಗಳ ಬಿಡಾರಕ್ಕೆ ಹೋದ. ಹೊಳೆಯಾಚೆಯ ಕರಿಹೊಳೆ ಅರಮನೆಯವರು ಹೊನ್ನುಗುಡ್ಡದ ಎದುರು ಸೋತು ಸೋತು ಸುಣ್ಣವಾಗಿದ್ದರು. ಅವರ ದೂತ ತಿಪ್ಪರಸ ಹಬ್ಬದ ಹೋಳಿಗೆ ತಿನ್ನುತ್ತಿದ್ದ.

“ಗುಟ್ಟು ಸ್ವಾಮಿ, ಯಾರಿಗೂ ಹೇಳಬೇಡಿ. ಭರಮಣ್ಣ, ದುಗ್ಗ, ಇಬ್ಬರಿಗೂ ಇನ್ನೂ ವೀಳ್ಯ ಸಿಕ್ಕಿಲ್ಲ!”

ಹೋಳಿಗೆ ಅರ್ಧಕ್ಕೇ ಬಿಟ್ಟು ತಿಪ್ಪರಸ ಕುದುರೆ ಏರಿದ. ಕೈ ತೊಳೆಯಲೂ ನಿಲ್ಲಲಿಲ್ಲ.

ಮರುದಿನ ಸಭೆ ಸೇರುವಷ್ಟರಲ್ಲಿ ಅವನು ಎರಡು ಹರಿವಾಣ ಹೊರಿಸಿಕೊಂಡು ಹಾಜರಾದ. “ನೋಡಿದಿರಾ, ಬಂದರು!” ಎಂದು ಭರಮಣ್ಣ ಎದೆಯುಬ್ಬಿಸಿ ಕೈ ಚಾಚಿದ. ತಿಪ್ಪರಸ ಅವನನ್ನು ದಾಟಿ ಹೋಗಿ ದುಗ್ಗನ ಮುಂದೆ ನಿಂತ.

“ದುಗ್ಗಣ್ಣಾ, ನಮ್ಮ ದೊರೆ ವೀಳ್ಯ ಕಳಿಸಿದ್ದಾರೆ. ನಿಮ್ಮ ಹೆಸರೆತ್ತಿದರೆ ಸಾಕು, ನಮ್ಮ ಹುಡುಗರು ತಮ್ಮ ಕಾಲು ಮುಟ್ಟಿ ನೋಡಿಕೊಳ್ಳುತ್ತಾರೆ! ಇಲ್ಲಿಯ ಸಂಬಳದ ಮೂರರಷ್ಟು ಕೊಡುತ್ತೇವೆ, ಬನ್ನಿ.”

ಅರಸರು ಗಾಬರಿಯಲ್ಲಿ ಎದ್ದೇಬಿಟ್ಟರು. “ಆ ಇನ್ನೊಂದು ಹರಿವಾಣ?”

“ಅದು ಭರಮಣ್ಣನವರಿಗೆ.”

ಇಳಿದಿದ್ದ ಮೀಸೆ ಮತ್ತೆ ಏರಿತು. ಭರಮಣ್ಣ ತಾನೇ ಹರಿವಾಣದ ಮೇಲಿನ ಬಟ್ಟೆ ಸರಿಸಿದ. ಬೆಳ್ಳಿಯ ಚೀಲವಿತ್ತು, ಎಲೆ ಅಡಿಕೆ ಇರಲಿಲ್ಲ.

“ಇದರಲ್ಲಿ ವೀಳ್ಯ ಎಲ್ಲಿ?”

“ಅಯ್ಯೋ, ವೀಳ್ಯ ಬೇಡ ಸ್ವಾಮಿ! ನೀವು ಇಲ್ಲೇ ಇರಬೇಕು ಅಂತ ನಮ್ಮ ದೊರೆ ಕೊಟ್ಟ ಕಾಣಿಕೆ ಇದು. ಆಟ ಶುರುವಾದರೆ ಸಾಕು, ಜನರತ್ತ ಮೀಸೆ ತಿರುವುತ್ತಾ ಬಂದು ನಮ್ಮವರ ಕೈಗೆ ಸಿಕ್ಕಿಬೀಳುತ್ತೀರಿ. ನಮಗೆ ಅಷ್ಟೋ ಇಷ್ಟೋ ಅಂಕ ಸಿಗುವುದೇ ನಿಮ್ಮಿಂದ!”

ಸಭೆ ಬಿದ್ದು ಬಿದ್ದು ನಕ್ಕಿತು. ಅರಸರು ಓಡೋಡಿ ಬಂದು ತಮ್ಮ ಕೈಯಾರೆ ದುಗ್ಗನಿಗೆ ವೀಳ್ಯ ನೀಡಿದರು.

“ಹಿಡಿಯುತ್ತೇನೆ ಬುದ್ಧೀ,” ಎಂದ ದುಗ್ಗ ಮೆಲ್ಲಗೆ. “ಸಂಬಳ ಮಾತ್ರ ಅವರು ಹೇಳಿದಷ್ಟು.”

“ಕೊಟ್ಟೆ! ಸಂಕಣ್ಣನಿಗೂ ಒಂದು ಶಾಲು ತನ್ನಿ!” ಅರಸರಿಗೆ ನಗು ತಡೆಯಲಾಗಲಿಲ್ಲ.

ಭರಮಣ್ಣ ಕೆಂಪಗಾದ. “ಹಾಗಾದರೆ ನನ್ನ ತೂಕದ ಬೆಳ್ಳಿ?”

ಸಂಕಣ್ಣ ಅವನ ಬೆನ್ನು ತಟ್ಟಿದ. “ನೀನು ಹೇಳಿದ ಬೆಲೆಯಲ್ಲಿ ಒಂದು ಗುಲಗಂಜಿಯೂ ತಪ್ಪಿಲ್ಲಪ್ಪ. ಆದರೆ ನೀನು ದುಡಿಯುತ್ತಿರುವುದು ಕರಿಹೊಳೆಗೆ. ಸಂಬಳವನ್ನೂ ಅಲ್ಲೇ ಕೇಳು!”