ಮೂರು ಮಡಕೆಯ ತಂಪು

ತಿಪ್ಪೇಶಿ ಹದಿನೆಂಟು ವರ್ಷ ಊರವರ ಫ್ರಿಜ್ಜು ರಿಪೇರಿ ಮಾಡಿದವನು. ಒಂದು ದಿನ ಅಂಗಡಿಯ ಬೀಗದ ಕೈಯನ್ನು ತಮ್ಮನ ಕೈಗಿಟ್ಟು, ಹೊಳೆದಂಡೆಯ ಆಶ್ರಮಕ್ಕೆ ನಡೆದು ಬಂದ.

ಆಶ್ರಮವೆಂದರೆ ಎರಡು ಕೋಣೆ, ಒಂದು ಜಗಲಿ, ಒಂದು ಹೊಂಗೆ ಮರ. ಅಲ್ಲಿದ್ದವರು ಶರಣಮ್ಮ ಎಂಬ ವೃದ್ಧೆ. ಬಂದವರೆಲ್ಲ ಅವರನ್ನು ಅಮ್ಮ ಎನ್ನುತ್ತಿದ್ದರು.

"ಅಮ್ಮ, ದುಡಿದು ದುಡಿದು ಸಾಕಾಗಿದೆ," ಎಂದ ತಿಪ್ಪೇಶಿ. "ಸುಮ್ಮನೆ ಕೂರುವುದನ್ನು ಕಲಿಸಿ."

"ಕೂತುಕೋ," ಎಂದರು ಅಮ್ಮ.

ಕೂತ. ಮಾಘ ಕಳೆಯಿತು, ಫಾಲ್ಗುಣ ಕಳೆಯಿತು. ಅಮ್ಮ ಮತ್ತೇನೂ ಹೇಳಿಕೊಡಲಿಲ್ಲ.

ಜಗಲಿಯ ಮೂಲೆಯಲ್ಲಿ ಒಂದು ಗಾಜಿನ ತೊಟ್ಟಿ ಇತ್ತು. ಬೆಟ್ಟದ ಕಡೆಯ ಯಾತ್ರಿಕನೊಬ್ಬ ಚಳಿಗಾಲದಲ್ಲಿ ಅದನ್ನು ಅಲ್ಲಿ ಇಳಿಸಿ, ತಿರುಗಿ ಬರುವವರೆಗೆ ನೋಡಿಕೊಳ್ಳಿ ಎಂದು ಹೇಳಿ ಹೋಗಿದ್ದ. ಅದರೊಳಗೆ ತೊರೆಯ ಮೀನು ನಾಲ್ಕು. ಬೆರಳುದ್ದದವು, ಬೆನ್ನ ಮೇಲೆ ಹುಣಸೆ ಬೀಜದ ಬಣ್ಣದ ಪಟ್ಟೆ.

ಚೈತ್ರ ಬಂತು. ಬಂಡೆ ಕಾಯಿತು, ಗೋಡೆ ಕಾಯಿತು, ಕೊನೆಗೆ ತೊಟ್ಟಿಯ ನೀರೂ ಕಾಯಿತು. ಒಂದು ಮಧ್ಯಾಹ್ನ ನಾಲ್ಕೂ ಮೀನು ಮೇಲಕ್ಕೆ ಬಂದು, ನೀರಿನ ಅಂಚಿನಲ್ಲಿ ಬಾಯಿ ತೆರೆದು ಮುಚ್ಚತೊಡಗಿದವು.

ಅಮ್ಮ ತೊಟ್ಟಿಯ ಮುಂದೆ ನಿಂತರು. "ಅತಿಥಿಗಳಿಗೆ ಸೆಕೆಯಾಗಿದೆ," ಎಂದರು.

"ನೀರು ತಂಪು ಮಾಡುವ ಯಂತ್ರ ಪೇಟೆಯಲ್ಲಿ ಸಿಗುತ್ತದೆ ಅಮ್ಮ. ಆದರೆ ಅದರ ಬೆಲೆ ಕೇಳಿದರೆ ನಾವೂ ಹೀಗೇ ಬಾಯಿ ತೆರೆದು ಮುಚ್ಚಬೇಕು."

"ಪೇಟೆಯದು ಯಾಕೆ? ನೀನಿದ್ದೀಯಲ್ಲ."

ತಿಪ್ಪೇಶಿಗೆ ಒಳಗೊಳಗೇ ಬೇಸರವಾಯಿತು. ಯಾವುದನ್ನು ಬಿಟ್ಟು ಬಂದೆನೋ ಅದನ್ನೇ ಮಾಡಿಸುತ್ತಾರಲ್ಲ ಎಂದುಕೊಂಡ. ಆದರೂ ಮರುದಿನ ಬೆಳಿಗ್ಗೆಯೇ ಗುಜರಿ ಅಂಗಡಿಗೆ ಹೋದ. ಯಾರೋ ಎಸೆದ ಫ್ರಿಜ್ಜಿನ ಹೊಟ್ಟೆಯಿಂದ ಕಂಪ್ರೆಸರ್ ಬಿಚ್ಚಿ ತಂದ. ಥರ್ಮಾಕೋಲ್ ಪೆಟ್ಟಿಗೆಯೊಳಗೆ ಬಕೆಟ್ಟು ಇಟ್ಟ. ಬಕೆಟ್ಟಿನ ನೀರಿನಲ್ಲಿ ನಳಿಕೆಯನ್ನು ಸುರುಳಿ ಸುತ್ತಿದ. ಕಂಪ್ರೆಸರ್ ಬಕೆಟ್ಟಿನ ನೀರನ್ನು ತಣ್ಣಗಾಗಿಸಬೇಕು, ತೊಟ್ಟಿಯ ನೀರು ಆ ಸುರುಳಿಯೊಳಗೆ ಹರಿದು ತಂಪಾಗಿ ಮರಳಬೇಕು, ಅಷ್ಟೇ.

ಮೂರು ದಿನ ಕೂತು ಜೋಡಿಸಿದ. ಊಟದ ನೆನಪೂ ಆಗಲಿಲ್ಲ.

"ಎಷ್ಟು ತಂಪು ಮಾಡುತ್ತೀ?" ಎಂದು ಅಮ್ಮ ಕೇಳಿದರು.

"ಇಪ್ಪತ್ತೆರಡು ಡಿಗ್ರಿ. ಈ ಜಾತಿಗೆ ಅಷ್ಟಿರಬೇಕಂತೆ. ವಿಚಾರಿಸಿಕೊಂಡು ಬಂದಿದ್ದೇನೆ. ಈಗ ಮೂವತ್ತೆರಡಿದೆ."

ಅಮ್ಮ ಹೊಳೆಯ ಕಡೆ ಹೋದರು. ತಿಪ್ಪೇಶಿ ಸ್ವಿಚ್ಚು ಹಾಕಿದ.

ಯಂತ್ರ ಗುರುಗುಟ್ಟಿತು. ಥರ್ಮಾಮೀಟರಿನ ಕೆಂಪು ಗೆರೆ ಕಣ್ಣೆದುರೇ ಇಳಿಯಿತು. ಮೂವತ್ತು. ಇಪ್ಪತ್ತೇಳು. ಗಂಟೆಯೊಳಗೆ ಇಪ್ಪತ್ತೆರಡು. ಅವನು ತೊಡೆ ತಟ್ಟಿಕೊಂಡು ಎದ್ದ. ಆಮೇಲೆ ಮೀನುಗಳತ್ತ ನೋಡಿದ.

ಎರಡು ಮೀನು ಕಲ್ಲಿನ ಸಂದಿಯಲ್ಲಿ ಅದುರುತ್ತಿದ್ದವು. ಒಂದು ಗಾಜಿಗೆ ಒರಗಿತ್ತು. ಇನ್ನೊಂದು ಮಗ್ಗುಲಾಗಿ ತೇಲುತ್ತಿತ್ತು.

ಸ್ವಿಚ್ಚು ಆರಿಸಿದ. ತೇಲುತ್ತಿದ್ದ ಮೀನನ್ನು ಅಂಗೈಯಲ್ಲಿ ಹಿಡಿದು ನೀರಿನೊಳಗೆ ಹಿಂದಕ್ಕೂ ಮುಂದಕ್ಕೂ ಆಡಿಸಿದ. ಬಹಳ ಹೊತ್ತು ಆಡಿಸಿದ. ಅದು ಕದಲಲಿಲ್ಲ.

ಅಮ್ಮ ಬಂದಾಗ ಅವನು ಅದನ್ನು ಹೊಂಗೆ ಎಲೆಯ ಮೇಲೆ ಮಲಗಿಸಿ ಕೂತಿದ್ದ.

"ನನಗೆ ಅರ್ಥವಾಗುತ್ತಿಲ್ಲ ಅಮ್ಮ. ನೀರು ಸರಿಯಾಗಿಯೇ ಇತ್ತು. ಇಪ್ಪತ್ತೆರಡು. ಕೂದಲೆಳೆಯಷ್ಟೂ ಆಚೀಚೆ ಆಗಿರಲಿಲ್ಲ."

"ಮೊದಲು ಇದನ್ನು ಹೊಳೆಗೆ ಬಿಟ್ಟು ಬಾ," ಎಂದರು ಅಮ್ಮ.

ಉರಿಬಿಸಿಲು. ಹೊಳೆ ಬತ್ತಿ ದೂರ ಸರಿದಿತ್ತು. ಕಾದ ಮರಳಿನ ಮೇಲೆ ಹೋಗಿ ಬರುವಷ್ಟರಲ್ಲಿ ಅವನ ಮೈಯಿಂದ ಬೆವರು ಧಾರೆಯಾಗಿ ಇಳಿಯುತ್ತಿತ್ತು. ಅಮ್ಮ ಬಾಗಿಲಲ್ಲೇ ನಿಂತಿದ್ದರು. ಅವನು ಮೆಟ್ಟಿಲು ಹತ್ತಿದೊಡನೆ, ಆಗಷ್ಟೇ ಆಳದ ಬಾವಿಯಿಂದ ಸೇದಿದ ಒಂದು ಕೊಡ ನೀರನ್ನು ಅವನ ನೆತ್ತಿಯ ಮೇಲೆ ಸುರಿದರು.

ತಿಪ್ಪೇಶಿಯ ಉಸಿರು ಕಟ್ಟಿತು. ಎದೆ ಹಿಡಿದುಕೊಂಡು ಕುಸಿದು ಕೂತ.

"ಏನಾಯಿತು?" ಎಂದರು ಅಮ್ಮ. "ನೀರು ಸರಿಯಾಗಿಯೇ ಇತ್ತಲ್ಲ."

ಆ ಸಂಜೆ ಅವನು ಬಟ್ಟೆಯ ಗಂಟು ಕಟ್ಟಿದ. "ನಾನು ಹೊರಡುತ್ತೇನೆ ಅಮ್ಮ. ನನ್ನ ಕೈಯಲ್ಲಿ ಒಂದು ಜೀವ ಹೋಯಿತು."

"ಹೋಗು. ಉಳಿದ ಮೂರನ್ನು ಯಾರ ಕೈಗೆ ಕೊಟ್ಟು ಹೋಗುತ್ತೀ?"

ತಿಪ್ಪೇಶಿ ಗಂಟು ಬಿಚ್ಚಿದ.

ಈ ಸಲ ಅವನು ಗುಜರಿಗೆ ಹೋಗಲಿಲ್ಲ. ಕುಂಬಾರರ ಕೇರಿಗೆ ಹೋಗಿ ಹೊಸ ಮಡಕೆ ಮೂರು ತಂದ. ಮಣ್ಣಿನ ವಾಸನೆ ಹೋಗಲೆಂದು ಎರಡು ದಿನ ನೀರಿನಲ್ಲಿ ನೆನೆಹಾಕಿದ. ಅಷ್ಟರಲ್ಲಿ ತೊಟ್ಟಿಯ ನೀರು ಮತ್ತೆ ಮೂವತ್ತೆರಡಕ್ಕೆ ಏರಿತ್ತು. ಆಮೇಲೆ ಕಲ್ಲು ಪೇರಿಸಿ ಮೂರು ಮೆಟ್ಟಿಲು ಮಾಡಿ, ಮೆಟ್ಟಿಲಿಗೊಂದು ಮಡಕೆ ಇಟ್ಟು, ಮಡಕೆಗಳಿಗೆ ಒದ್ದೆ ಗೋಣಿಚೀಲ ಸುತ್ತಿದ. ಹಾಳಾದ ಕಂಪ್ಯೂಟರಿನ ಪುಟ್ಟ ಫ್ಯಾನು ಅವುಗಳತ್ತ ಗಾಳಿ ಬೀಸುವಂತೆ ಕಟ್ಟಿದ. ಒಂದು ಚಿಕ್ಕ ಪಂಪು ತೊಟ್ಟಿಯ ನೀರನ್ನು ಮೇಲಿನ ಮಡಕೆಗೆ ಎತ್ತುತ್ತಿತ್ತು. ಅದು ಮಡಕೆಯಿಂದ ಮಡಕೆಗೆ ತೊಟ್ಟಿಕ್ಕಿ, ಕಡೆಗೆ ತೊಟ್ಟಿಗೇ ಮರಳುತ್ತಿತ್ತು. ದಾರಿಯಲ್ಲಿ ಸ್ವಲ್ಪ ನೀರು ಮಡಕೆಯ ಮೈಯಲ್ಲಿ ಜಿನುಗಿ, ಗಾಳಿಗೆ ಆರಿ ಹೋಗುತ್ತಿತ್ತು. ಹೋಗುವಾಗ ಉಳಿದ ನೀರಿನ ಬಿಸಿಯನ್ನು ತನ್ನೊಡನೆ ಕರೆದೊಯ್ಯುತ್ತಿತ್ತು.

ಮೊದಲ ದಿನ ಒಂದು ಡಿಗ್ರಿಯೂ ಪೂರ್ತಿ ಇಳಿಯಲಿಲ್ಲ.

"ಬಹಳ ನಿಧಾನ ಅಮ್ಮ," ಎಂದ.

"ನಿನಗೆ ಬೇರೆಲ್ಲಿಗಾದರೂ ಹೋಗುವುದಿದೆಯೇ?"

ಇರಲಿಲ್ಲ. ಅವನು ತೊಟ್ಟಿಯ ಪಕ್ಕದಲ್ಲೇ ಚಾಪೆ ಹಾಸಿದ. ಹೊತ್ತು ಹೊತ್ತಿಗೆ ಗೋಣಿ ನೆನೆಸುವುದು, ಆರಿಹೋದಷ್ಟು ನೀರು ತುಂಬುವುದು, ಅಂಗೈಯನ್ನು ತೊಟ್ಟಿಯಲ್ಲಿ ಅದ್ದಿ ನೋಡುವುದು. ಮಧ್ಯಾಹ್ನ ಕರೆಂಟು ಹೋದಾಗ ಪಂಪು ನಿಲ್ಲುತ್ತಿತ್ತು. ಆಗ ಸೌಟಿನಿಂದ ತೊಟ್ಟಿಯ ನೀರನ್ನು ಎತ್ತಿ ಎತ್ತಿ ಮೇಲಿನ ಮಡಕೆಗೆ ಹೊಯ್ಯುತ್ತಿದ್ದ.

ಟಪ್. ಟಪ್. ಟಪ್. ಬಿಸಿಲು ನೀರಿಗೆ ಬಡಿದು ಸೂರಿನ ಮೇಲೆ ಬೆಳಕಿನ ಬಲೆಯೊಂದನ್ನು ಆಡಿಸುತ್ತಿತ್ತು. ಮಲಗಿ ಅದನ್ನೇ ನೋಡುತ್ತಿದ್ದರೆ, ತಾನು ನೀರಿನ ಮೇಲಿದ್ದೇನೋ ಕೆಳಗಿದ್ದೇನೋ ತಿಪ್ಪೇಶಿಗೆ ಹೊಳೆಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ಹಾಗೆಯೇ ಜೊಂಪು ಹತ್ತಿತು. ಕನಸಿನಲ್ಲಿ ಅವನ ಅಂಗಡಿ ಹೊಳೆಯ ತಳದಲ್ಲಿತ್ತು. ಸಾಲಾಗಿ ನಿಂತ ಫ್ರಿಜ್ಜುಗಳ ಬಾಗಿಲು ಒಂದೊಂದಾಗಿ ತಾವೇ ತೆರೆದುಕೊಂಡವು. ಒಳಗಿನ ಹಳದಿ ಬೆಳಕಿನಲ್ಲಿ ಮೀನುಗಳು ಹೋಗುತ್ತಿದ್ದವು, ಬರುತ್ತಿದ್ದವು. ಗೋಡೆಗೆ ತೂಗುಹಾಕಿದ ಸ್ಪ್ಯಾನರುಗಳು ನೀರಹುಲ್ಲಿನಂತೆ ಮೆಲ್ಲಗೆ ತೂಗುತ್ತಿದ್ದವು. ಯಾರೂ ಅವನನ್ನು ಏನೂ ಕೇಳಲಿಲ್ಲ. ಅವನೂ ಯಾರಿಗೂ ಏನೂ ಹೇಳಲಿಲ್ಲ.

ಎಚ್ಚರವಾದಾಗ ಕರೆಂಟು ಹೋಗಿತ್ತು. ಆದರೂ ನೀರು ತೊಟ್ಟಿಕ್ಕುತ್ತಿತ್ತು. ಅಮ್ಮ ಸೆರಗು ಸಿಕ್ಕಿಸಿಕೊಂಡು, ಸೌಟು ಹಿಡಿದು ಹೊಯ್ಯುತ್ತಿದ್ದರು.

ಅವನು ಗಾಬರಿಯಿಂದ ಎದ್ದ. "ಎಬ್ಬಿಸಬಾರದಿತ್ತೇ ಅಮ್ಮ?"

"ನೀನು ಮಲಗಿಯೂ ಕೈ ಆಡಿಸುತ್ತಿದ್ದೆ. ಎಬ್ಬಿಸಿದ್ದರೆ ಯಾವ ಕೆಲಸ ಕೆಡುತ್ತಿತ್ತೋ."

ಆರನೆಯ ದಿನ ಕೆಂಪು ಗೆರೆ ಇಪ್ಪತ್ತಾರಕ್ಕೆ ಬಂತು. ಏಳನೆಯ ದಿನವೂ ಇಪ್ಪತ್ತಾರು. ಎಂಟನೆಯ ದಿನ ಇನ್ನೆರಡು ಗೋಣಿ ಸುತ್ತಿದ, ಫ್ಯಾನನ್ನು ಹತ್ತಿರಕ್ಕೆ ಸರಿಸಿದ. ಇಪ್ಪತ್ತಾರೇ.

ಒಂಬತ್ತನೆಯ ಬೆಳಿಗ್ಗೆ ಅವನು ಜಗಲಿಯ ನೆಲದ ಮೇಲೆ ಸೀಮೆಸುಣ್ಣದಿಂದ ಹೊಸ ಯಂತ್ರದ ನಕ್ಷೆ ಬರೆಯುತ್ತಿದ್ದ. ಆರು ಮಡಕೆ, ಎರಡು ಪಂಪು, ದೊಡ್ಡ ಫ್ಯಾನು. ಬರೆದು ಅಳಿಸಿ, ಅಳಿಸಿ ಬರೆದು, ಅವನ ಮೊಣಕಾಲೆಲ್ಲ ಬೆಳ್ಳಗಾಗಿತ್ತು.

ಅಮ್ಮ ತೊಟ್ಟಿಯ ಮುಂದೆ ಕೂತಿದ್ದರು. ಬಹಳ ಹೊತ್ತಿನಿಂದ ಕೂತಿದ್ದರು.

ನೀರು ತಿಳಿಯಾಗಿತ್ತು. ಒಂದು ಮೀನು ಕಲ್ಲಿಗಂಟಿದ ಪಾಚಿಯನ್ನು ನಿಧಾನವಾಗಿ ಕೀಳುತ್ತಿತ್ತು. ಇನ್ನೊಂದು ತಳದ ಮರಳನ್ನು ಬಾಲದಿಂದ ಸರಿಸಿ ಬೊಗಸೆಯಷ್ಟು ಗುಳಿ ಮಾಡಿತ್ತು. ಮೂರನೆಯದು ಆ ಗುಳಿಯ ಸುತ್ತ ಸುತ್ತುತ್ತಿತ್ತು. ಗುಳಿಯ ತಳದಲ್ಲಿ ಸಾಸಿವೆಗಿಂತ ಸಣ್ಣ ಮೊಟ್ಟೆಗಳು, ಎಣಿಸಲಾಗದಷ್ಟು, ಬೆಳಗಿನ ಬಿಸಿಲು ಹಿಡಿದು ಮಿನುಗುತ್ತಿದ್ದವು.

ತಿಪ್ಪೇಶಿ ನಕ್ಷೆಯಿಂದ ತಲೆ ಎತ್ತಲಿಲ್ಲ.

"ಇದು ಸೋತ ಯಂತ್ರ ಅಮ್ಮ," ಎಂದ. "ಇನ್ನೂ ನಾಲ್ಕು ಡಿಗ್ರಿ ಇಳಿಯಬೇಕು."

ಅಮ್ಮ ತೊಟ್ಟಿಯಿಂದ ಕಣ್ಣು ತೆಗೆಯದೆ ಕೇಳಿದರು:

"ಯಾರಿಗೆ?"