ಕುಂಬಾರನ ಮನೆಯ ಅಕ್ಕ

“ಬುದ್ಧೀ, ನನಗಿರೋದು ಎರಡೇ ಕೈ. ಯಾವ ಮಗೂನ ಮೊದಲು ಎತ್ಕೊಳ್ಳಲಿ, ನೀವೇ ಹೇಳಿ,” ಎಂದು ಶಿವನಂಜಮ್ಮ ಕೇಳಿದಳು.

ಬೇಸಿಗೆಯ ಮಧ್ಯಾಹ್ನ. ಮಠದ ಪಡಸಾಲೆಯಲ್ಲಿ ಗುರುಗಳು ಒಬ್ಬರೇ ಕುಳಿತಿದ್ದರು. ಶಿವನಂಜಮ್ಮ ಮದುವೆಗೆ ಮುಂಚಿನಿಂದಲೂ ಆ ಮಠಕ್ಕೆ ನಡೆದುಕೊಂಡವಳು. ಆಗ ಜಪದ ವಿಷಯ, ಮನಸ್ಸು ನಿಲ್ಲಿಸುವ ವಿಷಯ ಕೇಳುತ್ತಿದ್ದಳು. ಈಚೆಗೆ ಅವಳು ಕೇಳುವುದೆಲ್ಲ ಮಕ್ಕಳ ವಿಷಯವೇ.

“ಎರಡನೆಯವನು ಬಿಸಿಲಲ್ಲಿ ತಿರುಗಿ ತಿರುಗಿ ಮೈತುಂಬ ಬೆವರುಸಾಲೆ ಎಬ್ಬಿಸ್ಕೊಂಡವ್ನೆ. ಮೂರನೆಯವಳು ಮಾವಿನಕಾಯಿ ತಿಂದು ಹೊಟ್ಟೆ ಕೆಡಿಸ್ಕೊಂಡವ್ಳೆ. ಕೂಸನ್ನ ನೆಲಕ್ಕೆ ಬಿಡೋ ಹಂಗೇ ಇಲ್ಲ, ಬಿಟ್ಟರೆ ಊರೆಲ್ಲ ಕೇಳೋ ಹಂಗೆ ಅಳ್ತದೆ. ಈಗ ಇನ್ನೊಂದು ಹೊಟ್ಟೇಲದೆ. ಒಂದನ್ನ ಸಮಾಧಾನ ಮಾಡೋ ಹೊತ್ಗೆ ಇನ್ನೊಂದು ಶುರು ಮಾಡ್ತದೆ. ನಾನು ಕೂತು ಉಂಡು ಎಷ್ಟು ಕಾಲ ಆಯ್ತೋ. ಜಪಕ್ಕೆ ಅಂತ ಕಣ್ಣು ಮುಚ್ಚಿದರೆ ಕೂತಲ್ಲೇ ನಿದ್ದೆ ಹೋಗ್ತೀನಿ ಬುದ್ಧೀ.”

“ನಿದ್ದೆ ಬಂದರೆ ಮಲಗು. ಶಿವ ಕಾಯುತ್ತಾನೆ. ಅವನಿಗೇನು ಹಾಲು ಕುಡಿಯುವ ಮಗು ಇದೆಯೇ, ಅವಸರ ಮಾಡಲು?” ಎಂದರು ಗುರುಗಳು.

ಶಿವನಂಜಮ್ಮ ನಕ್ಕಳು. ನಗುತ್ತಿದ್ದ ಹಾಗೆಯೇ ಅವಳ ಕಣ್ಣು ತುಂಬಿ ಬಂತು. ಗುರುಗಳು ಒಂದು ಕತೆ ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ಕುಂಬಾರನಿದ್ದ. ಬೇಸಿಗೆ ಬಂತೆಂದರೆ ಊರಿನವರೆಲ್ಲ ನೆರಳು ಹುಡುಕಿಕೊಂಡು ಮಲಗುತ್ತಾರೆ. ಕುಂಬಾರನಿಗೆ ಮಾತ್ರ ಅದೇ ಸುಗ್ಗಿ. ಎಲ್ಲರ ಮನೆಗೂ ನೀರಿಗೆ ಹೊಸ ಮಡಕೆ ಬೇಕು. ಆ ಎರಡು ಮೂರು ತಿಂಗಳು ಗಂಡ ತಿಗರಿ ಬಿಟ್ಟು ಏಳುವಂತಿಲ್ಲ, ಹೆಂಡತಿ ಮಣ್ಣು ಬಿಟ್ಟು ಏಳುವಂತಿಲ್ಲ. ಮಕ್ಕಳಿಗೂ ಅದೇ ಕಾಲದಲ್ಲಿ ಸೆಕೆ, ಬಾಯಾರಿಕೆ, ಜಗಳ, ರಗಳೆ ಎಲ್ಲ ಹೆಚ್ಚು.

ಅವರಿಗೆ ಮೊದಲು ಹುಟ್ಟಿದ್ದು ಹೆಣ್ಣು. ಅವಳೊಬ್ಬಳೇ ಇದ್ದಾಗ ಅಪ್ಪ ಅವಳನ್ನು ತಿಗರಿಯ ಪಕ್ಕದಲ್ಲಿ ಕೂರಿಸಿಕೊಂಡು ಆಡಲು ಒಂದು ಮುದ್ದೆ ಮಣ್ಣು ಕೊಡುತ್ತಿದ್ದ. ಮಧ್ಯಾಹ್ನ ಅವಳು ನಿದ್ದೆ ಮಾಡುತ್ತಿದ್ದುದು ಅಮ್ಮನ ತೊಡೆಯ ಮೇಲೆ. ಆಮೇಲೆ ಗಂಡು ಹುಟ್ಟಿತು. ಆ ದಿನದಿಂದ ಮನೆಯವರೆಲ್ಲ ಹುಡುಗಿಯನ್ನು ‘ಅಕ್ಕ’ ಎಂದು ಕರೆಯತೊಡಗಿದರು. ದೊಡ್ಡವರು ಹಾಗೆ ಕರೆದರೆ ಚಿಕ್ಕದಕ್ಕೂ ಹಾಗೆ ಕರೆಯುವುದು ಅಭ್ಯಾಸವಾಗುತ್ತದೆ ಎಂದು ನಮ್ಮ ಕಡೆ ಎಲ್ಲ ಮನೆಗಳಲ್ಲೂ ಮಾಡುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಹಾಗೆ ಕರೆಸಿಕೊಂಡವಳಿಗೆ ತನ್ನ ಲಂಗದ ಲಾಡಿ ಕಟ್ಟಿಕೊಳ್ಳಲು ಆಗಿನ್ನೂ ಬರುತ್ತಿರಲಿಲ್ಲ.

ಗಂಡಿನ ಮೇಲೆ ಒಂದು ಹೆಣ್ಣು, ಅದರ ಮೇಲೆ ಮತ್ತೊಂದು ಗಂಡು ಹುಟ್ಟಿದವು. ಅಮ್ಮನ ಪ್ರತಿ ಬಾಣಂತನದಲ್ಲೂ ಅಕ್ಕ ಒಂದೊಂದು ಕೆಲಸ ಕಲಿತಳು. ಜೋಲಿ ತೂಗುವುದನ್ನು ಕಲಿತಳು. ಮೂಗು ಒರೆಸುವುದನ್ನು, ಕುಂಡಿ ತೊಳೆಯುವುದನ್ನು, ಜಗಳ ಬಿಡಿಸುವುದನ್ನು ಕಲಿತಳು. ಕೂಸನ್ನು ಸೊಂಟದ ಮೇಲೆ ಹೊತ್ತು ಹೊತ್ತು ಅವಳು ನಿಲ್ಲುವುದೇ ಒಂದು ಕಡೆಗೆ ವಾಲಿಕೊಂಡು. ಸೊಂಟದ ಮೇಲೆ ಕೂಸಿಲ್ಲದಾಗಲೂ ಹಾಗೆಯೇ ನಿಲ್ಲುತ್ತಿದ್ದಳು. ನೋಡಿದವರು, “ಎಂಥ ಜಾಣೆ ಮಗಳು” ಎಂದು ಹೊಗಳುತ್ತಿದ್ದರು. ತಾಯಿಗೆ ಹೆಮ್ಮೆ. “ಇವಳೊಬ್ಬಳ ಯೋಚ್ನೆ ನನಗಿಲ್ಲ” ಎನ್ನುತ್ತಿದ್ದಳು. ಆ ಮಾತು ನಿಜವೇ. ಅವಳ ಯೋಚನೆ ಆ ಮನೆಯಲ್ಲಿ ಯಾರೂ ಮಾಡುತ್ತಿರಲಿಲ್ಲ.

ತಾಯಿ ಕೆಟ್ಟವಳೆಂದು ತಿಳಿಯಬೇಡ. ಅವಳು ಬೆಳಗಾಗುವ ಮೊದಲೇ ಎದ್ದು ಮಣ್ಣು ತುಳಿಯಬೇಕು. ತುಳಿಯುವಾಗ ಒಂದು ಮಗು ಬಂದು ಕಾಲು ಹಿಡಿದುಕೊಳ್ಳುತ್ತದೆ. ಕೈಯ ಮಣ್ಣು ಒಣಗುವ ಮೊದಲೇ ಕೂಸು ಹಾಲಿಗೆ ಅಳುತ್ತದೆ. ಒಲೆಯ ಮುಂದೆ ಕೂತರೆ ಹೊರಗಿನ ಬಿಸಿಲೇ ವಾಸಿ. ಮಲಗಿದರೆ ಒಂದು ಮಗು ಎಡಕ್ಕೆ, ಒಂದು ಬಲಕ್ಕೆ, ಒಂದು ಎದೆಯ ಮೇಲೆ. ಮೈಗೆ ಮೈ ತಾಗಿ ಬೆವರು ಹರಿಯುತ್ತದೆ, ಸರಿಸಿದರೆ ಅಳುತ್ತವೆ. ಅವಳು ದಣಿದಿದ್ದಳು, ಅಷ್ಟೆ. ದಣಿದವಳನ್ನು ಕೆಟ್ಟವಳು ಎನ್ನುವವರು ಮಕ್ಕಳನ್ನು ಸಾಕಿದವರಲ್ಲ.

ಮಧ್ಯಾಹ್ನ ಅವಳು ಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿ ಮಜ್ಜಿಗೆ ಹಾಕಿದ ರಾಗಿ ಅಂಬಲಿ ಹೊಯ್ಯುತ್ತಿದ್ದಳು. ಅಕ್ಕ ಆ ಸಾಲಿನಲ್ಲಿ ಕೂರುತ್ತಿರಲಿಲ್ಲ. ಕೂಸಿನ ಬಾಯಿಗೆ ಲೋಟ ಹಿಡಿಯುವುದು, ಚೆಲ್ಲಿದ್ದನ್ನು ಒರೆಸುವುದು ಅವಳ ಕೆಲಸ. ಮಕ್ಕಳದ್ದಾದ ಮೇಲೆ ಗಂಡ ತಿಗರಿಯಿಂದ ಎದ್ದು ಬರುತ್ತಿದ್ದ. ಹೆಂಡತಿ ನಿಂತಲ್ಲೇ ಕುಡಿದು ಮತ್ತೆ ಮಣ್ಣಿಗೆ ಹೋಗುತ್ತಿದ್ದಳು. ಗಂಡ ಕುಡಿಯಲು ಕೂರುವಾಗ ಅಕ್ಕ ಕೂಸನ್ನು ಜೋಲಿಗೆ ಹಾಕಿ ತೂಗುತ್ತಿರುತ್ತಿದ್ದಳು. ಅವಳದು ಮಕ್ಕಳ ಜೊತೆಯಲ್ಲೇ ಆಗಿರುತ್ತದೆ ಎಂದು ಅಪ್ಪ ತಿಳಿದಿದ್ದ. ಮಕ್ಕಳ ಜೊತೆ ಕೂರದಿದ್ದರೆ ಅಪ್ಪನ ಜೊತೆ ಕೂತು ಕುಡಿದಿರುತ್ತಾಳೆ ಎಂದು ಅಮ್ಮ ತಿಳಿದಿದ್ದಳು. ಹುಡುಗಿ ಕೊನೆಯಲ್ಲಿ ಪಾತ್ರೆಯ ತಳ ಬಳಿದು ಕುಡಿಯುತ್ತಿದ್ದಳು. ಚಳಿಗಾಲದಲ್ಲಿ ತಳದಲ್ಲಿ ಅಷ್ಟೋ ಇಷ್ಟೋ ಉಳಿಯುತ್ತಿತ್ತು. ಬೇಸಿಗೆಯಲ್ಲಿ ಎಲ್ಲರಿಗೂ ಬಾಯಾರಿಕೆ, ಏನೂ ಉಳಿಯುತ್ತಿರಲಿಲ್ಲ.

ಹೀಗಿರುವಾಗ ಒಂದು ದಿನ ಮಡಕೆ ಸುಡುವ ಆವಿಗೆ ಜೋಡಿಸುವುದಿತ್ತು. ಸುಡಬೇಕಾದ ಹಸಿ ಮಡಕೆಗಳೆಲ್ಲ ಚಪ್ಪರದ ಕೆಳಗಿದ್ದವು. ಹಸಿ ಮಡಕೆಗೆ ಬಿರುಬಿಸಿಲು ತಾಗಿದರೆ ಸೀಳುತ್ತದೆ. ಅದಕ್ಕೆ ಕುಂಬಾರ ಚಪ್ಪರಕ್ಕೆ ದಪ್ಪವಾಗಿ ಸೋಗೆ ಹೊದಿಸಿದ್ದ. ಹೊತ್ತು ಏರಿದಂತೆ ಎಲ್ಲಿಂದ ಬಿಸಿಲು ಇಣುಕುತ್ತದೆಂದು ನೋಡಿ ನೋಡಿ ಅಲ್ಲಲ್ಲಿ ಗೋಣಿತಾಟು ಕಟ್ಟುತ್ತಿದ್ದ. ಮಕ್ಕಳು ಚಪ್ಪರದೊಳಗೆ ನುಗ್ಗಿದರೆ ಒಂದು ತಿಂಗಳ ಕೆಲಸ ಪುಡಿಯಾಗುತ್ತದೆ. ಅದಕ್ಕೆ, “ಅಕ್ಕಾ, ಇವರನ್ನ ಮರದಡೀಲೇ ಇಟ್ಕೊ, ಈ ಕಡೆ ಬಿಡಬೇಡ” ಎಂದು ಹೇಳಿ ಗಂಡ ಹೆಂಡತಿ ಆವಿಗೆಯ ಕಡೆಗೆ ಹೋದರು.

ಅಂಗಳದ ಅಂಚಿನಲ್ಲಿ ಒಂದು ಎಳೆಯ ಬೇವಿನ ಮರವಿತ್ತು. ನೆತ್ತಿಯ ಮೇಲೆ ಸೂರ್ಯ ಬಂದಾಗ ಅದರ ನೆರಳು ಬುಡಕ್ಕೆ ಬಂದು ಬಿದ್ದಿತು. ಹುಡುಗಿ ತಮ್ಮನನ್ನೂ ತಂಗಿಯನ್ನೂ ಬುಡಕ್ಕೆ ಒರಗಿಸಿ ಕೂರಿಸಿದಳು. ಅವರ ಕಾಲು ಬಿಸಿಲಿಗೆ ಚಾಚದಂತೆ ಮಡಿಸಿದಳು. ಇನ್ನೊಬ್ಬರಿಗೆ ಅಲ್ಲಿ ನೆರಳಿರಲಿಲ್ಲ. ಕೂಸನ್ನು ಸೊಂಟದ ಮೇಲಿಟ್ಟುಕೊಂಡು, ಅದರ ತಲೆಗೆ ತನ್ನ ಲಂಗದ ಅಂಚನ್ನು ಎತ್ತಿ ಹೊದಿಸಿ, ಅವಳು ಹೊರಗೆ ನಿಂತಳು. ತಮ್ಮ ನೀರು ಕೇಳಿದ. ಒಳಗೆ ಓಡಿ ಹೋಗಿ ಒಂದು ಚೆಂಬು ತಂದಳು. ಅವರಿಬ್ಬರೂ ಕಿತ್ತಾಡಿ ಅದನ್ನು ಕುಡಿದು ಮುಗಿಸಿದರು. ಮತ್ತೊಮ್ಮೆ ಒಳಗೆ ಹೋಗೋಣವೆಂದರೆ ತಮ್ಮ ಆಗಲೇ ಚಪ್ಪರದ ಕಡೆ ನೋಡುತ್ತಿದ್ದ. ಅವಳು ಹೋಗಲಿಲ್ಲ.

ತಾಯಿಗೆ ಮಕ್ಕಳ ನೆನಪಿರಲಿಲ್ಲವೆಂದಲ್ಲ. ಆವಿಗೆಯ ಹತ್ತಿರದಿಂದಲೇ ಕೂಗಿದಳು. “ಅಕ್ಕಾ, ಕೂಸಿಗೆ ಬಿಸಿಲು ತಾಗ್ದಂಗೆ ನೋಡ್ಕೊಳ್ಳೇ!”

“ಹ್ಞೂಂ ಅಮ್ಮಾ,” ಎಂದಳು ಹುಡುಗಿ.

ಸ್ವಲ್ಪ ಹೊತ್ತಿಗೆ ಕೂಸು ಕಿರುಚಿಕೊಂಡಿತು. ತಾಯಿ ಕೈಯಲ್ಲಿದ್ದ ಮಡಕೆ ಬಿಟ್ಟು ಓಡಿ ಬಂದಳು. ಹುಡುಗಿ ಅಂಗಾತ ಬಿದ್ದಿದ್ದಳು. ಕೂಸು ಅವಳ ಎದೆಯ ಮೇಲಿತ್ತು. ತಾಯಿ ಮೊದಲು ಕೂಸನ್ನು ಎತ್ತಿಕೊಂಡಳು. ತಲೆ ಸವರಿದಳು, ಕೈಕಾಲು ಆಡಿಸಿ ನೋಡಿದಳು. ಏನೂ ಆಗಿರಲಿಲ್ಲ. ಹೋದ ಜೀವ ಬಂದಂತಾಗಿ, ಆ ಭಯವೆಲ್ಲ ಸಿಟ್ಟಾಯಿತು. “ಕೂಸು ಬೀಳಿಸಿದೆಯಲ್ಲೇ! ಕಣ್ಣು ಎಲ್ಲಿಟ್ಟಿದ್ದೆ?” ಎಂದು ಹುಡುಗಿಯನ್ನು ಗದರಿದಳು. ಹುಡುಗಿ ಮಾತಾಡಲಿಲ್ಲ. “ಬಿದ್ದುಕೊಂಡು ನಾಟಕ ಆಡ್ತೀಯಾ, ಏಳು!” ಎಂದು ಮತ್ತೆ ಗದರಿದಳು. ಆಗಲೂ ಹುಡುಗಿ ಏಳಲಿಲ್ಲ. ಆಗ ತಾಯಿಗೆ ಕಂಡಿತು. ಕೂಸಿನ ಮೈಗೆ ಒಂದು ಚೂರೂ ಮಣ್ಣು ಮೆತ್ತಿರಲಿಲ್ಲ. ಹುಡುಗಿ ಬೀಳುವಾಗಲೂ ಅದನ್ನು ಎರಡು ಕೈಯಲ್ಲಿ ಮೇಲಕ್ಕೆ ಹಿಡಿದುಕೊಂಡೇ ಬಿದ್ದಿದ್ದಳು.

ಒಳಗೆ ತಂದು ಮಲಗಿಸಿದರು. ಪಕ್ಕದ ಮನೆಯ ಮುದುಕಿ ಬಂದು ಮುಟ್ಟಿ ನೋಡಿದಳು. ಮೈ ಕೆಂಡದಂತಿತ್ತು, ಒಂದು ಹನಿ ಬೆವರಿರಲಿಲ್ಲ, ತುಟಿ ಸೀಳಿತ್ತು.

“ಈ ಮಗು ನೀರು ಕುಡಿದದ್ದು ಯಾವಾಗ?” ಎಂದು ಮುದುಕಿ ಕೇಳಿದಳು.

ಗಂಡ ಹೆಂಡತಿಯ ಮುಖ ನೋಡಿದ. ಹೆಂಡತಿ ಗಂಡನ ಮುಖ ನೋಡಿದಳು. “ಮಕ್ಕಳ ಜೊತೇಲಿ ಕುಡಿದಿರ್ತಾಳೆ,” ಎಂದ ಅವನು. “ನಿಮ್ಮ ಜೊತೇಲಿ ಅಲ್ವಾ?” ಎಂದಳು ಅವಳು. ಸುತ್ತಲೂ ಗೋಡೆಯುದ್ದಕ್ಕೂ ಮಾರಲು ಇಟ್ಟ ನೀರಿನ ಮಡಕೆಗಳಿದ್ದವು.

ಆ ದಿನ ಆವಿಗೆಗೆ ಬೆಂಕಿ ಇಡಲಿಲ್ಲ. ಚಪ್ಪರದ ಸೋಗೆ ಸರಿದು ಮಡಕೆಗಳ ಮೇಲೆ ಬಿಸಿಲು ಬಿತ್ತು, ಯಾರೂ ನೋಡಲಿಲ್ಲ. ಅಪ್ಪ ಹುಡುಗಿಯ ಮೈಗೆ ಒದ್ದೆ ಬಟ್ಟೆ ಹಾಕಿ ಬೀಸುತ್ತಾ ಕುಳಿತ. ಅಮ್ಮ ಅವಳನ್ನು ತೊಡೆಯ ಮೇಲೆ ಹಾಕಿಕೊಂಡು, ಬೆರಳಲ್ಲಿ ನೀರು ಅದ್ದಿ ತುಟಿಗೆ ಹಚ್ಚುತ್ತಿದ್ದಳು. ಹುಡುಗಿ ತೊಡೆಯಲ್ಲಿ ಹಿಡಿಸಲಿಲ್ಲ. ಕಾಲೆರಡೂ ನೆಲದ ಮೇಲಿದ್ದವು. ಇವಳನ್ನು ಕೊನೆಯ ಸಲ ಹೀಗೆ ಹಾಕಿಕೊಂಡದ್ದು ಯಾವಾಗ ಎಂದು ತಾಯಿ ನೆನಪು ಮಾಡಿಕೊಳ್ಳಲು ನೋಡಿದಳು. ನೆನಪಾಗಲಿಲ್ಲ. “ನನ್ನ ಚೊಚ್ಚಲು ನೀನು, ನನ್ನ ಕಣ್ಣಿಗೇ ಬೀಳಲಿಲ್ಲವಲ್ಲೇ” ಎಂದು ಅವಳು ಬಾಯಿಬಿಟ್ಟು ಅತ್ತಳು. ಜೋಲಿಯಲ್ಲಿ ಕೂಸೂ ಅಳುತ್ತಿತ್ತು. ಯಾರೂ ಎದ್ದು ಹೋಗಲಿಲ್ಲ.

ಬಿಸಿಲು ಇಳಿದ ಮೇಲೆ ಹುಡುಗಿ ಕಣ್ಣು ಬಿಟ್ಟಳು. ಎಲ್ಲಿದ್ದೇನೆ ಎಂದು ಅವಳಿಗೆ ಮೊದಲು ತಿಳಿಯಲಿಲ್ಲ. ತಾಯಿಯ ತೊಡೆಯೆಂದು ತಿಳಿದ ಕೂಡಲೇ ಏಳಲು ಹೆಣಗಿದಳು.

“ಬಿಡಮ್ಮ,” ಎಂದಳು. “ಕೂಸು ಅಳ್ತಾ ಅದೆ.”

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು. ಶಿವನಂಜಮ್ಮ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು.

“ಹುಡುಗಿ ಉಳಿದಳಾ ಬುದ್ಧೀ?”

“ಉಳಿದಳು,” ಎಂದರು ಗುರುಗಳು. “ಜ್ವರ ನಾಲ್ಕು ದಿನಕ್ಕೆ ಬಿಟ್ಟಿತು. ಅವಳು ಎದ್ದು ಕೂತ ದಿನ ತಾಯಿ ಅಂಬಲಿಯ ಮೊದಲ ಲೋಟವನ್ನು ಅವಳ ಕೈಗೇ ಕೊಟ್ಟಳು. ಹುಡುಗಿ ಅದನ್ನು ತಮ್ಮನ ಬಾಯಿಗೆ ಹಿಡಿದಳು. ತಾಯಿ ಇನ್ನೊಂದು ಲೋಟ ಕೊಟ್ಟಳು. ಅದನ್ನು ತಂಗಿಗೆ ಕೊಟ್ಟಳು. ‘ನಿನಗೇ ಕಣೇ, ನೀನು ಕುಡಿ’ ಎಂದರೆ ಏನೋ ತಪ್ಪು ಮಾಡಿದವಳ ಹಾಗೆ ತಾಯಿಯ ಮುಖ ನೋಡಿದಳು. ತೊಡೆಗೆ ಕರೆದರೆ ನಾಚಿಕೊಂಡು ಇಳಿದು ಹೋಗುತ್ತಿದ್ದಳು. ಜ್ವರ ಬಿಟ್ಟಷ್ಟು ಬೇಗ ಇದು ಬಿಡಲಿಲ್ಲ. ತಾಯಿ ಆ ಬೇಸಿಗೆಯೆಲ್ಲ ಹೆಣಗಿದಳು, ಮುಂದಿನ ಬೇಸಿಗೆಯಲ್ಲೂ ಹೆಣಗಿದಳು.”

ಶಿವನಂಜಮ್ಮ ನಿಟ್ಟುಸಿರು ಬಿಟ್ಟಳು. “ಎಷ್ಟೇ ಸುಸ್ತಾಗಿರಲಿ ಬುದ್ಧೀ, ಹೆತ್ತವಳಿಗೆ ಅಷ್ಟೂ ಗೊತ್ತಾಗಬಾರದಾ? ಮಗು ಕಣ್ಣೆದುರಿಗೇ ಇತ್ತಲ್ಲ.”

“ಇತ್ತು ತಾಯಿ,” ಎಂದರು ಗುರುಗಳು. “ಈಗ ನೀನು ಇಲ್ಲಿಗೆ ಬರುವಾಗ ಆ ಮೂವರನ್ನು ಯಾರ ಕೈಗೆ ಕೊಟ್ಟು ಬಂದೆ?”