ಆಚೆ ದಡದ ಫೋನು

ಶಿಷ್ಯ ಕೇಳಿದ: "ಗುರುಗಳೇ, ನಮ್ಮ ಮಠದಲ್ಲಿ ಹೊಸ ಪಾಠಕ್ರಮ ಶುರುವಾಗಿದೆ. ಸಂಜೆಯ ಹಳೆಯ ಪಾಠಕ್ಕೆ ಈಗ ಬೆರಳೆಣಿಕೆಯಷ್ಟು ಜನ ಮಾತ್ರ ಬರುತ್ತಾರೆ. ನಾಳೆಯಿಂದ ಅದನ್ನು ನಿಲ್ಲಿಸಿಬಿಡಲೇ?"

ಗುರುಗಳು ಹೌದೆನ್ನಲಿಲ್ಲ, ಬೇಡವೆನ್ನಲಿಲ್ಲ. ಒಂದು ಕತೆ ಹೇಳಿದರು.

ಹೊಳೆಯ ದಡದ ಒಂದೂರಿನಲ್ಲಿ ಒಬ್ಬ ಎಂಜಿನಿಯರ್ ಇದ್ದ. ಆ ಸೀಮೆಯ ಮೊಬೈಲ್ ಟವರುಗಳೆಲ್ಲ ಅವನ ಉಸ್ತುವಾರಿಯಲ್ಲಿದ್ದವು. ಮೊದಮೊದಲು ಫೋನಿನಲ್ಲಿ ಬರೀ ಮಾತು ಹೋಗುತ್ತಿತ್ತು. ಆಮೇಲೆ ಅಕ್ಷರ ಹೋಯಿತು, ಚಿತ್ರ ಹೋಯಿತು, ಎದುರಿಗೇ ಕೂತಂತೆ ಮುಖ ನೋಡಿ ಮಾತಾಡುವ ಕಾಲ ಬಂತು. ಒಂದೊಂದು ತಲೆಮಾರು ಬಂದಾಗಲೂ ಅವನೇ ನಿಂತು ಹೊಸ ಯಂತ್ರ ಕೂರಿಸಿದ್ದ. ಐದನೆಯ ತಲೆಮಾರು ಬಂದಾಗ ಮೇಲಿನವರು ಕೇಳಿದರು:

"ಎರಡನೆಯ ತಲೆಮಾರಿನದನ್ನು ಇನ್ನೂ ಯಾರು ಬಳಸುತ್ತಾರೆ?"

"ಹಳೆಯ ಫೋನಿನವರು, ಯಾರೋ ಕೆಲವರು."

"ಹಾಗಾದರೆ ತೆಗೆದುಬಿಡಿ."

ಒಂದು ಬೆಳಿಗ್ಗೆ ಅವನು ಕೈಯಾರೆ ಹಳೆಯ ನೆಟ್‌ವರ್ಕನ್ನು ಆರಿಸಿದ. ಯಾರೂ ಬಂದು ಕೇಳಲಿಲ್ಲ. ನೆಮ್ಮದಿಯಿಂದ ಮನೆಗೆ ಬಂದು ಊಟಕ್ಕೆ ಕೂತ.

ತುತ್ತು ಬಾಯಿಗಿಡುವ ಮೊದಲೇ ಹಿತ್ತಿಲಲ್ಲಿ ಹೆಂಡತಿ ಚೀರಿದಳು. ಕರಿಬೇವು ಕೀಳಲು ಹೋದವಳ ಕಾಲಿಗೆ ಹಾವು ಕಚ್ಚಿತ್ತು. ಆಸ್ಪತ್ರೆ ಇದ್ದದ್ದು ಹೊಳೆಯಾಚೆ. ರಸ್ತೆ ಸುತ್ತಿ ಹೋದರೆ ಸಂಜೆಯಾಗುತ್ತದೆ. ಅವಳನ್ನು ಹೊತ್ತು ದಡಕ್ಕೆ ಓಡಿದ. ದಿನಾ ಜನರನ್ನು ದಾಟಿಸುವ ಅಂಬಿಗನಿಗೆ ಫೋನು ಮಾಡಿದ. ಕರೆ ಸೇರಲಿಲ್ಲ. ಮತ್ತೆ ಮಾಡಿದ. ಸೇರಲಿಲ್ಲ. ಆಚೆ ದಡದಲ್ಲಿ ದೋಣಿ ಕಾಣುತ್ತಿತ್ತು, ಮರದ ನೆರಳಲ್ಲಿ ಮಲಗಿದ್ದ ಅಂಬಿಗನೂ ಕಾಣುತ್ತಿದ್ದ. ಎಂಜಿನಿಯರ್ ಫೋನನ್ನು ಮರಳಿಗೆ ಎಸೆದು, ಅಂಗಿ ಬಿಚ್ಚಿ ಬೀಸುತ್ತ, ಗಂಟಲು ಹರಿಯುವಂತೆ ಕೂಗಿದ. ಗಾಳಿ ಎದುರಿಗಿತ್ತು. ಅಂಬಿಗ ಎದ್ದು ನೋಡುವಷ್ಟರಲ್ಲಿ ಅವಳ ಕಾಲು ಮಂಡಿಯವರೆಗೆ ಬಾತುಕೊಂಡಿತ್ತು.

ಇಬ್ಬರನ್ನೂ ಹತ್ತಿಸಿಕೊಂಡ ದೋಣಿ ನಡುನೀರಿಗೆ ಬಂದಾಗ ಅಂಬಿಗ ಹುಟ್ಟು ಬಿಡದೆಯೇ ಸೊಂಟಕ್ಕೆ ಸಿಕ್ಕಿಸಿದ್ದ ಹಳೆಯ ಫೋನಿನತ್ತ ಗೋಣು ಆಡಿಸಿದ.

"ಫೋನ್ ಮಾಡಿದ್ರಾ ಸ್ವಾಮಿ? ಬೆಳಿಗ್ಗೆಯಿಂದ ಇದು ಸತ್ತಂಗೆ ಬಿದ್ದೈತೆ. ಅದ್ಯಾವ ಪುಣ್ಯಾತ್ಮ ಏನು ಮಾಡಿದ್ನೋ!"

ಎಂಜಿನಿಯರನ ಮಡಿಲಲ್ಲಿ ಮಲಗಿದ್ದ ಹೆಂಡತಿ ಕಣ್ಣು ತೆರೆದು ಅವನ ಮುಖವನ್ನೇ ನೋಡಿದಳು. ಬೆಳಿಗ್ಗೆ ಅವನು ಯಾವ ಕೆಲಸಕ್ಕೆ ಹೋಗಿದ್ದನೆಂದು ಅವಳಿಗೆ ಗೊತ್ತಿತ್ತು.

ಅವಳ ಜೀವ ಉಳಿಯಿತು. ಕಾಲು ಉಳಿಯಲಿಲ್ಲ.

ಶಿಷ್ಯ ಬೆಚ್ಚಿಬಿದ್ದ. "ಅಯ್ಯೋ! ದಿನಾ ದೋಣಿ ದಾಟಿಸುವವನು, ಆ ಕೆಲವರಲ್ಲಿ ಅವನೂ ಒಬ್ಬನೆಂದು ಇವನಿಗೆ ಹೊಳೆಯಲೇ ಇಲ್ಲವೇ ಗುರುಗಳೇ?"

ಗುರುಗಳು ಹೇಳಿದರು: "ಸಂಜೆಯ ಪಾಠಕ್ಕೆ ಬರುವವರ ಹೆಸರು ಹೇಳು."

ಶಿಷ್ಯನ ಬಾಯಲ್ಲಿ ಒಬ್ಬರ ಹೆಸರೂ ಬರಲಿಲ್ಲ.